ಮೇಣದ ಬ್ಲಾಕ್ ಕೇಳಿ ಪಡೆಯಿರಿ

ಮಾನ್ಯರೇ,

ಬೀಡಿ, ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಓದುಗರಿಗೆ ಹೊಸತಲ್ಲ. ಆದರೆ ಬಯಾಪ್ಸಿಯಲ್ಲಿ ತೆಗೆದು ಮೇಣದ ಬ್ಲಾಕಿನಲ್ಲಿ ಕೂರಿಸಿಡುವ ಗೆಡ್ಡೆಯ ತುಣುಕಿನಲ್ಲಿ ವರ್ಣತಂತುಗಳ, ಅವುಗಳಲ್ಲಿನ ಜೀನುಗಳ ದೋಷ ಹುಡುಕದೆಯೇ ಕಿಮೋ ಶುರುಮಾಡುವುದು ಇನ್ನೂ ನಿಂತಿಲ್ಲ.

ಧೂಮಪಾನ ಮಾಡದವರ ಅಡಿನೊಕಾರ್ಸಿನೋಮಾದಲ್ಲಿ (ಗ್ರಂಥಿಕೋಶಗಳಿಂದ ಹುಟ್ಟುವ ಶ್ವಾಸಕೋಶದ ಕ್ಯಾನ್ಸರ್) ಹೆಚ್ಚಾಗಿ ಸಿಗುವುದು 7ನೇ ವರ್ಣತಂತುವಿನಲ್ಲಿರುವ ಇಜಿಎಫ್‌ಆರ್ ಜೀನಿನ ದೋಷ. ಕೆಲವರಲ್ಲಿ 2ನೇ ವರ್ಣತಂತುವಿನ ಗಿಡ್ಡ ತೋಳಿನ ತುಂಡೊಂದು ಕಡಿದು, ತಲೆಕೆಳಗಾಗಿ ಅಂಟಿಕೊಂಡು, ಎಎಲ್‌ಕೆ ಜೀನು ಇಎಂಎಲ್4 ಜೊತೆ ಬೆಸೆದುಹೋಗಿರುತ್ತದೆ. 2007ರಲ್ಲಿ ಜಪಾನಿನ ಸಂಶೋಧಕರು ಪತ್ತೆಹಚ್ಚಿದ್ದು ಇದನ್ನೇ. ಮೊದಲನೆಯದಕ್ಕೆ ಒಸಿಮರ್ಟಿನಿಬ್, ಎರಡನೆಯದಕ್ಕೆ ಅಲೆಕ್ಟಿನಿಬ್‌ನಂಥ ಮಾತ್ರೆಗಳಿವೆ. ಒಂದರದ್ದು ಇನ್ನೊಂದಕ್ಕೆ ಆಗದು. ಈ ದೋಷಗಳು ಸಾಮಾನ್ಯವಾಗಿ ಗೆಡ್ಡೆಯ ಕೋಶಗಳಲ್ಲಷ್ಟೇ ಹುಟ್ಟುವುದರಿಂದ ಮಕ್ಕಳಿಗೆ ದಾಟೀತೆಂಬ ಭಯ ಬೇಡ.

ಎಎಲ್‌ಕೆ ದೋಷ ಹುಡುಕುವ ಫಿಶ್ ಪರೀಕ್ಷೆಯಲ್ಲಿ (ಹೊಳೆಯುವ ಬಣ್ಣದಿಂದ ಜೀನನ್ನು ಗುರುತಿಸುವ ವಿಧಾನ) ಜೀನಿನ ಎರಡು ಬದಿಗೆ ಕೆಂಪು, ಹಸಿರು ಬಣ್ಣ ಹಚ್ಚುತ್ತಾರೆ. ಕನಿಷ್ಠ 50 ಕೋಶ ಎಣಿಸಿ, ಶೇ 15ರಷ್ಟರಲ್ಲಾದರೂ ಚುಕ್ಕಿಗಳು ಬೇರ್ಪಟ್ಟಿದ್ದರೆ ಪಾಸಿಟಿವ್. ತೊಡಕಿರುವುದು ಇಲ್ಲೇ. ತುಂಡು ಒಂದೇ ತೋಳಿನೊಳಗೆ ತಿರುಗಿರುವುದರಿಂದ ಚುಕ್ಕಿಗಳ ನಡುವಿನ ಅಂತರ ಬಲು ಸಣ್ಣದು. ಪಳಗದ ಕಣ್ಣಿಗೆ ಜೋಡಿಯಾಗಿಯೇ ಕಾಣಬಹುದು. ಅನುಮಾನ ಬಂದಲ್ಲಿ ಎಎಲ್‌ಕೆ ಪ್ರೋಟೀನನ್ನು ತೋರಿಸುವ ಡಿ5ಎಫ್3 ಇಮ್ಯುನೊ ಬಣ್ಣದಿಂದಲೋ, ಹಲವು ಜೀನುಗಳನ್ನು ಒಟ್ಟಿಗೇ ಓದುವ ಎನ್‌ಜಿಎಸ್‌ನಿಂದಲೋ ತಾಳೆ ನೋಡಬೇಕು.

ಮಾದರಿ ಹಾಳಾಗುವುದು ಮಾತ್ರ ಬಹುಪಾಲು ಲ್ಯಾಬಿಗೆ ಬರುವ ಮುಂಚೆಯೇ. ತುಣುಕನ್ನು ತೆಗೆದ ಕೂಡಲೇ ಕೆಡದಂತೆ ಕಾಯುವ ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. 6ರಿಂದ 48 ಗಂಟೆಯೊಳಗೆ ಮುಂದಿನ ಸಂಸ್ಕರಣೆಗೆ ಹೋಗಬೇಕು. ಶನಿವಾರ ತೆಗೆದದ್ದು ಸೋಮವಾರ ಸಂಜೆಯವರೆಗೆ ಡಬ್ಬಿಯಲ್ಲೇ ಉಳಿದರೆ ಡಿಎನ್‌ಎ ಚೂರುಚೂರಾಗುತ್ತದೆ. ಮೂಳೆಯ ಬಯಾಪ್ಸಿಯನ್ನು ಆಮ್ಲದಲ್ಲಿ ಮೆದುಮಾಡಿದರಂತೂ ಕತೆ ಮುಗಿದಂತೆ. ಅಲ್ಲಿ ಡಿಎನ್‌ಎ ಕೆಡಿಸದೆ ಸುಣ್ಣದಂಶ ತೆಗೆಯುವ ಇಡಿಟಿಎ ಬಳಸಬೇಕು. ಇದ್ದಬದ್ದ ಇಮ್ಯುನೊ ಬಣ್ಣಗಳಿಗೆಲ್ಲ ಬ್ಲಾಕ್ ಕೊಯ್ದು ಖಾಲಿಮಾಡುವುದೂ ಅಷ್ಟೇ ಕೆಟ್ಟದ್ದು. ರಕ್ತದಲ್ಲಿ ಗೆಡ್ಡೆಯ ಡಿಎನ್‌ಎ ಹುಡುಕುವ ಲಿಕ್ವಿಡ್ ಬಯಾಪ್ಸಿ ನೆರವಾದೀತು. ಆದರೆ ಅದರ ‘ನೆಗೆಟಿವ್’ ನಂಬಿ ಕೂರುವಂತಿಲ್ಲ, ಗೆಡ್ಡೆ ರಕ್ತಕ್ಕೆ ಡಿಎನ್‌ಎ ಬಿಡದೆಯೂ ಇರಬಹುದು.

ವರದಿ ಬರುವ ಮೊದಲೇ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ) ಕೊಟ್ಟು, ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದ ತೀವ್ರ ಉರಿಯೂತದ ಅಪಾಯ ಹೆಚ್ಚುತ್ತದೆ. ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ ವರದಿಗಾಗಿ ಕಾಯುವುದೇ ಸರಿ. ಊರು ಬದಲಿಸಿ ದೊಡ್ಡ ಆಸ್ಪತ್ರೆಗೆ ಹೋಗುವವರು ಸಿ.ಟಿ. ಫಿಲ್ಮಿನ ಜೊತೆ ಮೇಣದ ಬ್ಲಾಕನ್ನೂ ಕೇಳಿ ಒಯ್ಯಬೇಕು. ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪಬಹುದು.

– ರೋಗಶಾಸ್ತ್ರ ವೈದ್ಯರು, ಹುಬ್ಬಳ್ಳಿ