ಜಲ್ಲಡಿಯ ತಾಳಕ್ಕೆ ಹೆಜ್ಜೆ

ಆತ್ಮೀಯ ಓದುಗರೇ,

ಈ ಬಾರಿ ದಾವಣಗೆರೆಗೆ ಹೋಗಿದ್ದಾಗ ಅಣ್ಣನ ಮಗಳು ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಮಂಡಕ್ಕಿ ಭಟ್ಟಿಗಳ ಕಡೆಗೆ ಕರೆದುಕೊಂಡು ಹೋದಳು. ಭರತನಾಟ್ಯ ಕಲಿತ ಹುಡುಗಿ. ಜೊತೆಗೆ ನಾಲ್ವರು ಗೆಳತಿಯರು. ಧ್ವನಿವರ್ಧಕವಿಲ್ಲ, ಮೃದಂಗವಿಲ್ಲ, ಕಾಲಿಗೆ ಗೆಜ್ಜೆಯೂ ಇಲ್ಲ. “ಅತ್ತೆ, ಸುಮ್ಮನೆ ಕೇಳಿ, ತಾಳ ಇಲ್ಲೇ ಇದೆ” ಎಂದಳು.

ನಿಜಕ್ಕೂ ಇತ್ತು. ಕಾದ ಮರಳಿಗೆ ಬಿದ್ದ ಅಕ್ಕಿ ಚಟಚಟನೆ ಅರಳುತ್ತಿತ್ತು. ಅದರ ಬೆನ್ನಿಗೇ ಮರಳು ಸೋಸುವ ಜಲ್ಲಡಿಯ ಸದ್ದು: ಮೂರು ಸಲ ಮೆಲ್ಲಗೆ, ನಾಲ್ಕು ಸಲ ಜೋರಾಗಿ. ಹುಡುಗಿಯರು ಅದನ್ನು ‘ತಕಿಟ ತಕಧಿಮಿ’ ಎಂದು ಎಣಿಸಿಕೊಂಡರು. ಏಳು ಅಕ್ಷರದ ಮಿಶ್ರಚಾಪು ತಾಳ! ಮಂಡಿ ಅರ್ಧ ಮಡಿಸಿ ಅರೆಮಂಡಿಯಲ್ಲಿ ನಿಂತು ಮೊದಲ ಅಡವು, ಅಂದರೆ ನೃತ್ಯದ ಹೆಜ್ಜೆ, ಹಾಕಿದಾಗ ಜಲ್ಲಡಿ ಹಿಡಿದಿದ್ದ ಹೆಂಗಸು ಬೆರಗಾಗಿ ಕೈ ನಿಲ್ಲಿಸಿದರು. ತಾಳ ನಿಂತಿತು, ಹುಡುಗಿಯರೂ ನಿಂತರು. ತನ್ನ ಕೈಯೇ ಇವರನ್ನು ಕುಣಿಸುತ್ತಿದೆ ಎಂದು ಆಕೆಗೆ ಹೊಳೆದಾಗ ಮುಖದಲ್ಲಿ ಮೂಡಿದ ನಗುವನ್ನು ನಾನು ಮರೆಯಲಾರೆ. ಆಮೇಲೆ ಆಕೆ ಬೇಕೆಂದೇ ಲಯವನ್ನು ಚುರುಕುಗೊಳಿಸಿದರು.

ಅಲ್ಲಿಂದ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಗೆ ಹೋದಾಗ ಮಾತ್ರ ನೃತ್ಯ ಸೋತಿತು. ಹಾರ್ನ್‌ಗಳ ಅಬ್ಬರದಲ್ಲಿ ಬೇರೆ ಯಾವ ಸದ್ದಿಗೂ ಜಾಗವಿಲ್ಲ. ಇದು ನನ್ನನ್ನು ನೋಯಿಸಿತು.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ಹತ್ತಿ ಗಿರಣಿಯ ಕೂಗು ಕೇಳಿ ಅಮ್ಮ ಒಲೆ ಹಚ್ಚುತ್ತಿದ್ದರು. ಗಿರಣಿಗಳು ಮುಚ್ಚಿದವು, ಕೂಗೂ ಹೋಯಿತು. ಕೆನಡಾದ ಸಂಗೀತ ಸಂಯೋಜಕ ಮರ್ರೆ ಶೇಫರ್ 1960ರ ದಶಕದ ಕೊನೆಯಲ್ಲಿ ವ್ಯಾಂಕೂವರ್‌ನಲ್ಲಿ ಊರಿನ ಸದ್ದುಗಳ ಅಧ್ಯಯನಕ್ಕೆ ತೊಡಗಿದರು. ಒಂದು ಊರಿಗೇ ಸೇರಿದ ಸದ್ದನ್ನು ಆ ಊರಿನ ಹೆಗ್ಗುರುತಿನಂತೆಯೇ ಕಾಪಾಡಬೇಕು ಎಂದವರು ಅವರು. ನಮ್ಮ ಹುಡುಗಿಯರು ಶೇಫರ್ ಹೆಸರು ಕೇಳಿದವರಲ್ಲ. ಆದರೂ ನೃತ್ಯದ ನಡುವೆ, ಗಿರಣಿಯ ಕೂಗು ಬರಬೇಕಿದ್ದ ಕಡೆ, ಒಂದು ಆವರ್ತ (ತಾಳದ ಒಂದು ಸುತ್ತು) ಪೂರ್ತಿ ಅಲುಗದೆ ನಿಂತರು. ಇಡೀ ನೃತ್ಯದಲ್ಲಿ ನನ್ನ ಕಣ್ಣು ತುಂಬಿದ್ದು ಅಲ್ಲಿಯೇ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಸಭಾಂಗಣದ ಬಾಗಿಲು ಮುಚ್ಚಿಕೊಂಡು, ಧ್ವನಿಮುದ್ರಿತ ಹಾಡಿಗೆ ಮಕ್ಕಳನ್ನು ಕುಣಿಸುತ್ತೇವೆ. ಈ ವರ್ಷ ಒಂದು ನೃತ್ಯವನ್ನಾದರೂ ಹೊರಗೆ, ಉದ್ಯಾನದಲ್ಲಿ ಮಾಡೋಣ ಎಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ. ರಜೆಗೆ ಊರಿಗೆ ಹೋದವರು ಮೊಬೈಲ್‌ನಲ್ಲಿ ಎರಡು ನಿಮಿಷದ ಸದ್ದನ್ನು ಹಿಡಿದು ತನ್ನಿ: ದೋಸೆ ಹೆಂಚಿಗೆ ನೀರು ಚಿಮುಕಿಸಿದಾಗಿನ ಚುಯ್ಯೆನ್ನುವ ಸದ್ದು, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಸುಯಿಲು, ಸಂತೆಯ ಕೂಗು.

ಹಾಗೆಯೇ, ದಾವಣಗೆರೆಯವರ ಮನೆಯಲ್ಲಿ ಹಳೆಯ ಮದುವೆಯ ಕ್ಯಾಸೆಟ್‌ಗಳಿದ್ದರೆ ದಯವಿಟ್ಟು ಒಮ್ಮೆ ಹಾಕಿ ಕೇಳಿ. ಮಂತ್ರ, ವಾಲಗಗಳ ಹಿಂದೆ ಎಲ್ಲಾದರೂ ಗಿರಣಿ ಕೂಗಿದ್ದರೆ ನನಗೆ ಬರೆಯಿರಿ.