ಉಯಿಲಿಗೆ ಇಬ್ಬರು ಸಾಕ್ಷಿ ಬೇಕು ಸ್ವಾಮಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಪತ್ತೇದಾರಿ ಧಾರಾವಾಹಿ ಹೋದ ವಾರ ಮುಗಿಯಿತು. ಒಂದು ಕಂತೂ ಬಿಡದೆ ಓದಿದ್ದೇನೆ, ಅದಕ್ಕೇ ಬೈಯುವ ಹಕ್ಕಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಮಂಜು ಕವಿದ ಎಸ್ಟೇಟು, ದೊಡ್ಡ ಬಂಗಲೆ, ಶ್ರೀಮಂತ ಯಜಮಾನರ ಕೊಲೆ, ಕೊನೆಗೆ ಕಪಾಟಿನ ಹಿಂದೆ ಒಂದು ಸುರಂಗ. ರಾಯಚೂರಿನ ಬಿಸಿಲಲ್ಲಿ ಕೂತು ಮಂಜಿನ ಕಥೆ ಓದೋದು ಹಿತವಾಗಿಯೇ ಇತ್ತು. ಆದರೆ ಹನ್ನೊಂದನೇ ಕಂತಿನಲ್ಲಿ ವಕೀಲರು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಛಾಪಾ ಕಾಗದದ ಮೇಲಿನ ಉಯಿಲನ್ನು ಓದಿ ಹೇಳುತ್ತಾರಲ್ಲ, ಅಲ್ಲಿ ನನಗೆ ನಗು ಬಂತು.

ನಾನು ಬಾಂಡ್ ರೈಟರ್. ಉಪನೋಂದಣಿ ಕಚೇರಿ ಎದುರಿನ ಬೇವಿನ ಮರದ ಕೆಳಗೆ 28 ವರ್ಷದಿಂದ ಆಸ್ತಿ ಪತ್ರ ಬರೆಯುತ್ತಿದ್ದೇನೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯ ಅಲ್ಲ, ಬಿಳಿ ಹಾಳೆಯೂ ನಡೆಯುತ್ತದೆ. ಬೇಕಾಗಿರುವುದು ಇಬ್ಬರು ಸಾಕ್ಷಿ, ನಿಮ್ಮ ಕಥೆಯಲ್ಲಿ ಒಬ್ಬರೂ ಇರಲಿಲ್ಲ. ಇನ್ನು ನಮ್ಮ ಕಡೆ ಉಯಿಲನ್ನು ಯಾರೂ ಹಾಗೆ ಸಭೆ ಸೇರಿಸಿ ಓದುವುದಿಲ್ಲ. ಸತ್ತವರ ದಿನಕರ್ಮ ಮುಗಿದ ಮೇಲೆ, ಊಟದ ಎಲೆ ಎತ್ತುವ ಹೊತ್ತಿಗೆ, ಅಳಿಯನೋ ತಮ್ಮನೋ ಜೇಬಿನಿಂದ ಒಂದು ಜೆರಾಕ್ಸ್ ತೆಗೆಯುತ್ತಾನೆ. ಜಗಳ ಅಲ್ಲಿಂದ ಶುರು.

ಇನ್ನೊಂದು. ತಮ್ಮನ ಮಗ ಆಸ್ತಿಗಾಗಿ ದೊಡ್ಡಪ್ಪನನ್ನು ಕೊಂದ ಅಂತ ಬರೆದಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 25ನೇ ಕಲಂ ಪ್ರಕಾರ ಕೊಂದವನಿಗೆ ಕೊಲೆಯಾದವನ ಆಸ್ತಿ ಬರುವುದೇ ಇಲ್ಲ. ಅಂದರೆ ಅವನು ಹೆದರಬೇಕಾದದ್ದು ಬರೀ ಜೈಲಿಗಲ್ಲ, ಗುಟ್ಟು ರಟ್ಟಾದರೆ ಎಕರೆಗಳೂ ಹೋಗುತ್ತವೆ. ಇದನ್ನು ಲೇಖಕರು ಸ್ವಲ್ಪ ಹಿಡಿದಿದ್ದರೆ ಕಥೆ ಎಷ್ಟು ಬಿಗಿಯಾಗುತ್ತಿತ್ತು, ಅಲ್ವಾ?

ಹುಡುಗನಾಗಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿಗಳನ್ನು ತಂದು, ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವನು ನಾನು. ಆಮೇಲೆ ಇಂಗ್ಲಿಷಿನ ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದ ಮೂನ್‌ಸ್ಟೋನ್' ಓದಿದೆ. ಅದು ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಲೂಟಿಯಲ್ಲಿ ಎತ್ತಿಕೊಂಡು ಹೋದ ವಜ್ರ ಒಂದು ಶ್ರೀಮಂತ ಮನೆ ಸೇರಿ, ಅಲ್ಲಿಂದಲೂ ಕಳುವಾಗುತ್ತದೆ. ಮೊದಲು ಬಂದ ಪೊಲೀಸ್ ಅಧಿಕಾರಿಯ ಕಣ್ಣು ಬೀಳುವುದು ಮನೆಗೆಲಸದವರ ಮೇಲೆ. ಆದರೆ ಪತ್ತೇದಾರ ಹುಡುಕುವುದೇನು ಗೊತ್ತಾ? ಬಾಗಿಲ ಹಸಿ ಬಣ್ಣ ಯಾರ ಬಟ್ಟೆಗೆ ಹತ್ತಿತು ಅಂತ. ಅದಕ್ಕೆ ಅವನು ಕೇಳುವುದು ಒಗೆಯೋ ಬಟ್ಟೆಯ ಲೆಕ್ಕದ ಪುಸ್ತಕ! ಸುರಂಗ ಗಿರಂಗ ಏನೂ ಇಲ್ಲ.

ನಮ್ಮ ಕಡೆ ಗುಟ್ಟು ಬಿಚ್ಚುವ ಆ ಲೆಕ್ಕದ ಪುಸ್ತಕ ಅಂದರೆ ಕಾಗದಪತ್ರದ ಟ್ರಂಕು. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು. ಹಳೇ ವಾಡೆಗಳ, ಅಂದರೆ ದೊಡ್ಡ ಮನೆಗಳ, ಕಾಗದಪತ್ರ ಬಹಳಷ್ಟು ಉರ್ದುವಿನಲ್ಲಿವೆ, ಮನೆಯವರಿಗೇ ಓದಲು ಬರುವುದಿಲ್ಲ. ಕೆಲವು ವರ್ಷದ ಹಿಂದೆ ದೊಡ್ಡ ಮನೆತನದ ಮೂವರು ಅಣ್ಣತಮ್ಮಂದಿರು ಕಾರಿನಲ್ಲಿ ಒಂದು ಟ್ರಂಕು ತಂದರು. ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಪತ್ರ, ಬರೆಯಬೇಕಿತ್ತು. ಉರ್ದು ಓದಲು ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆಸಿದೆ. ಅವರು ಭೂತಗನ್ನಡಿ ಹಿಡಿದು ಬೆರಳಿಟ್ಟು ಓದುತ್ತಾ ಹೋದರು. ನಿಜಾಮರ ಕಾಲದ ಲೆಕ್ಕದಲ್ಲಿ ಫಸಲಿ ವರ್ಷ 1350, ಅಂದರೆ 1940ರ ಆಸುಪಾಸಿನ ಕಾಗದ. ಹಕ್ಕುದಾರರ ಮೂರು ಹೆಸರು ಓದಿದರು. ತಡೆದು ನಾಲ್ಕನೆಯದನ್ನೂ ಓದಿದರು, ಹೆಣ್ಣುಮಗಳ ಹೆಸರು. 'ಯಾರಿವರು?' ಅಂತ ಕೇಳಿದೆ. ಮೂವರೂ ಬಾಯಿ ಬಿಡಲಿಲ್ಲ. ಕಾರಿನಲ್ಲಿ ಕೂತಿದ್ದ ಅವರ ಮುದಿ ತಾಯಿ ಕಿಟಕಿ ಗಾಜು ಏರಿಸಿಕೊಂಡರು. ಹತ್ತು ನಿಮಿಷದಲ್ಲಿ ಟ್ರಂಕು ಡಿಕ್ಕಿಗೆ ಹೋಯಿತು. ನನಗೂ ಮೇಷ್ಟ್ರಿಗೂ ಐದೈದು ನೂರು ಕೊಟ್ಟರು, ಅದು ಜಾಸ್ತಿಯೇ. ಮತ್ತೆ ಅವರು ಬರಲಿಲ್ಲ.

ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಆದರೂ ಹೊಸ ಸೀರೆ ಉಡಿಸಿ, ಕಾರಿನಲ್ಲಿ ಕರೆತಂದು, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರಿಂದ ಸಹಿ ಹಾಕಿಸುವುದು ನಿಂತಿಲ್ಲ. ಸಹಿ ಹಾಕುವಾಗ ಒಬ್ಬೊಬ್ಬರ ಮುಖ ನೋಡಬೇಕು ನೀವು. ನಿಮ್ಮ ಲೇಖಕರನ್ನು ಒಂದು ದಿನ ಇಲ್ಲಿಗೆ ಕಳಿಸಿ, ಸುಮ್ನೆ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರಲಿ, ಚಹಾ ನಂದು. ಮುಂದಿನ ಧಾರಾವಾಹಿಯಲ್ಲಿ ಕೊಲೆ ಬೇಕಾದರೆ ಎರಡು ಮಾಡಿಸಿ, ನನ್ನ ತಕರಾರಿಲ್ಲ. ಉಯಿಲಿಗೆ ಮಾತ್ರ ಸಾಕ್ಷಿ ಹಾಕಿಸಿ.

ಒಬ್ಬ ಬಾಂಡ್ ರೈಟರ್, ರಾಯಚೂರು