ಹೆಣ್ಣುಮಕ್ಕಳು ಕೂತು ಮಾತಾಡಲು ಒಂದು ಕೋಣೆ ಕೊಡಿ

ಮಾನ್ಯರೇ,

ಮಾರ್ಚ್ 8 ಬಂತೆಂದರೆ ನಮ್ಮ ಬಳ್ಳಾರಿಯಲ್ಲಿ ರಂಗೋಲಿ ಸ್ಪರ್ಧೆ, ಸನ್ಮಾನ, ಭಾಷಣ ಎಲ್ಲ ನಡೆಯುತ್ತವೆ. ಆಮೇಲೆ ನಾಲ್ಕು ಜನ ಹೆಣ್ಣುಮಕ್ಕಳು ಸುಮ್ನೆ ಕೂತು ಮಾತಾಡೋಣ ಅಂದರೆ ಜಾಗವೇ ಇಲ್ಲ. ಗಂಡಸರಿಗೆ ಚಹಾ ಅಂಗಡಿ ಇದೆ, ಕಟ್ಟೆ ಇದೆ. ನಮಗಿರುವುದು ಸ್ವಸಹಾಯ ಸಂಘದ ಮೀಟಿಂಗ್. ಅಲ್ಲಿ ಸಾಲದ ಕಂತಿನ ಲೆಕ್ಕ ಮುಗಿಯುವಷ್ಟರಲ್ಲಿ ಅಡುಗೆ ಹೊತ್ತಾಗಿರುತ್ತದೆ.

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಹೆಂಗಸರು 1912ರಲ್ಲೇ ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಕವಿಗಳು, ಚಿತ್ರಕಾರರು, ನಾಟಕದವರು ಬಂದು ನೆಲೆಸಿದ್ದ ಬಡಾವಣೆ ಅದು. ಮೇರಿ ಜೆನ್ನಿ ಹೋವ್ ಎಂಬಾಕೆ ಅಲ್ಲಿ ಹೆಟೆರೊಡಾಕ್ಸಿ ಎಂಬ ಮಹಿಳಾ ಕ್ಲಬ್ ಕಟ್ಟಿದರು. ಎರಡು ವಾರಕ್ಕೊಮ್ಮೆ ಶನಿವಾರ ಊಟಕ್ಕೆ ಸೇರುವುದು, ಊಟದ ಜೊತೆಗೆ ಚರ್ಚೆ. ಮಾತಾಡಿದ್ದನ್ನು ಯಾರೂ ಬರೆದಿಡುತ್ತಿರಲಿಲ್ಲ. ವಕೀಲೆ ಕ್ರಿಸ್ಟಲ್ ಈಸ್ಟ್‌ಮನ್, ಕಾರ್ಮಿಕ ನಾಯಕಿ ಎಲಿಜಬೆತ್ ಗರ್ಲಿ ಫ್ಲಿನ್ ಇಬ್ಬರೂ ಅದರ ಸದಸ್ಯರು.

ಅವರಲ್ಲಿ ಹೆನ್ರಿಯೆಟ್ಟಾ ರಾಡ್‌ಮನ್ ಮೇಲೆ ನನಗೆ ಪ್ರೀತಿ ಜಾಸ್ತಿ. ನನ್ನ ಹಾಗೆ ಆಕೆಯೂ ಹೈಸ್ಕೂಲ್ ಟೀಚರ್. ಮಗು ಹೆತ್ತ ಶಿಕ್ಷಕಿಯರನ್ನು ಅಲ್ಲಿನ ಶಿಕ್ಷಣ ಮಂಡಳಿ ಕೆಲಸದಿಂದ ತೆಗೆಯುತ್ತಿತ್ತು. ರಾಡ್‌ಮನ್ ಪತ್ರಿಕೆಗೆ ಪತ್ರ ಬರೆದು ಮಂಡಳಿಯನ್ನು ಲೇವಡಿ ಮಾಡಿದರು. 1914ರಲ್ಲಿ ಅವರನ್ನೇ ಅಮಾನತು ಮಾಡಿದರು. ಆದರೆ 1915ರಲ್ಲಿ ಮಂಡಳಿಯೇ ಸೋತಿತು, ತಾಯಂದಿರು ಪಾಠಕ್ಕೆ ಮರಳಿದರು.

ನಮ್ಮ ಸ್ಟಾಫ್ ರೂಮಿನ ಒಬ್ಬ ಟೀಚರ್ ನೆನಪಾಗುತ್ತಾರೆ. ಹೆರಿಗೆ ರಜೆ ಮುಗಿಸಿ ಬಂದಿದ್ದರು. ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಸೆರಗು ಬಿಗಿಯಾಗಿ ಹೊದ್ದು, ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕ್ಲಾಸಿಗೆ ಹೋದರು. ಈ ಸಂಕಟವನ್ನು ಬಾಯಿಬಿಟ್ಟು ಹೇಳಲು ಅವರಿಗೆ ಒಂದು ಜಾಗ ಬೇಕಿತ್ತು, ಅಲ್ವಾ?

ನಾಟಕದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದ ನಟ ಬಳ್ಳಾರಿ ರಾಘವರ ಊರಿದು. ಸುಭದ್ರಮ್ಮ ಮನ್ಸೂರು ರಂಗದ ಮೇಲೆ ಮೆರೆದ ಊರು. ಇಂಥ ಊರಿನಲ್ಲಿ ಒಂದು ಕೋಣೆ ಕೇಳುವುದು ದೊಡ್ಡ ಮಾತಲ್ಲ.

ಪಾಲಿಕೆಯವರು ಯಾವುದಾದರೂ ಸಮುದಾಯ ಭವನದ ಒಂದು ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಸಾಕು. ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳಿಗೂ ಆವತ್ತು ಬಿಡುವಿರುತ್ತದೆ. ಅವರೂ ಕಾಲೇಜಿನ ಲೆಕ್ಚರರ್‌ಗಳೂ ಒಂದೇ ಜಮಖಾನೆ ಮೇಲೆ ಕೂರಬೇಕೆಂಬುದು ನನ್ನ ಆಸೆ. ಶೌಚಾಲಯ, ಕುಡಿಯುವ ನೀರು, ಫ್ಯಾನ್ ಇರಲೇಬೇಕು. ನಮ್ಮ ಬಿಸಿಲು ಗೊತ್ತಲ್ಲ. ಭಾಷಣಕಾರರು, ಹಾರ ತುರಾಯಿ ಏನೂ ಬೇಡ. ಬಾಗಿಲು ತೆಗೆಯುವ, ಹಾಕುವ ಜವಾಬ್ದಾರಿ ನನ್ನದು. ಚಹಾ, ಮಂಡಕ್ಕಿ ಖರ್ಚು ನಾವೇ ನೋಡಿಕೊಳ್ಳುತ್ತೇವೆ.

– ನಿವೃತ್ತ ಶಿಕ್ಷಕಿ, ಕೌಲ್‌ಬಜಾರ್, ಬಳ್ಳಾರಿ